ಡ್ರೈವರ್ ಮಾವನ ಏಣಿ

ಮೊನ್ನೆ ಮಗಳ ಚಪ್ಪಲಿ ಕಿತ್ತುಹೋಗಿತ್ತು. ಸೂಪರ್ ಗ್ಲೂ ಹಚ್ಚಿ ಒತ್ತಿ ಹಿಡಿದಾಗ ಅದರ ಘಾಟು ಕಣ್ಣಿಗೆ ಹೊಡೆಯಿತು. ಅಂಗೈ ಅಗಲದ ರಬ್ಬರ್ ಚಕ್ರಗಳಿಗೆ ಇದೇ ಅಂಟು ಹಾಕುತ್ತಾ ಡ್ರೈವರ್ ಮಾವನ ಜಗಲಿಯಲ್ಲಿ ಕೂತಿದ್ದ ಸಂಜೆಗಳು ನೆನಪಾದವು...

ದೊಡ್ಡಬಳ್ಳಾಪುರದಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಸಂಬಂಧವೇನಿಲ್ಲ, ಬೀದಿಗೆಲ್ಲ ಮಾವ. ದೇವನಹಳ್ಳಿ ಕಡೆಯ ವಿಜಯಪುರದ ರೂಟಿನಲ್ಲಿ ಸರ್ಕಾರಿ ಬಸ್ ಓಡಿಸುತ್ತಿದ್ದರು. ಸಕ್ಕರೆ ಕಾಯಿಲೆಗೆ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಆಮೇಲೆ ಕೃತಕ ಕಾಲು ಹಾಕಿಕೊಂಡು ಬಾಗಿಲಲ್ಲಿ ಕೂತು, ಹೋಗಿಬರುವ ಗಾಡಿಯವರನ್ನೆಲ್ಲ ಬೈಯುವುದೇ ಅವರ ಕೆಲಸವಾಯಿತು.

ನನಗಾಗ ರಿಮೋಟ್ ಕಾರಿನ ಹುಚ್ಚು ಹೊಸದಾಗಿ ಹಿಡಿದಿತ್ತು. ಮಕ್ಕಳಾಟಿಕೆಯಲ್ಲ, ರೇಸಿಗೆ ಬಿಡುವಂಥದ್ದು. ಸಂಜೆ ಮಗ್ಗದ ಕೆಲಸ ಮುಗಿಸಿ ಬಂದವನು ಅವರ ಜಗಲಿಯಲ್ಲಿ ಬಿಡಿಭಾಗ ಹರಡಿಕೊಂಡು ಜೋಡಿಸುತ್ತಾ ಕೂರುತ್ತಿದ್ದೆ. ಒಂದು ದಿನ ರಿಮೋಟನ್ನು ಮಾವನ ಕೈಗಿಟ್ಟೆ. ಅದು ಪಿಸ್ತೂಲಿನ ಹಾಗಿರುತ್ತದೆ. ಬೆರಳಿನಿಂದ ಎಳೆದರೆ ಓಟ, ಮುಂದಕ್ಕೆ ತಳ್ಳಿದರೆ ಬ್ರೇಕು, ಪಕ್ಕದಲ್ಲಿ ಪುಟ್ಟ ಸ್ಟೀರಿಂಗ್.

“ಕಾಲೇ ಬೇಡ್ವೇನೋ?”

“ಬೇಡ ಮಾವ. ಎಲ್ಲಾ ಬೆರಳಲ್ಲೇ.”

ಮುಖ ತಿರುಗಿಸಿಕೊಂಡರು. ಅಳುತ್ತಿದ್ದಾರೆಂದು ಗೊತ್ತಾದರೂ ಗೊತ್ತಾಗದವನಂತೆ ಚಕ್ರ ಉಜ್ಜುತ್ತಾ ಕೂತೆ.

ಕೆರೆಯಂಗಳದಲ್ಲಿ ಕಲಿಕೆ ಶುರುವಾಯಿತು. ಅಯ್ಯೋ, ಆ ಪಾಡೇ! ಕಾರು ದೂರ ಹೋಗುವಾಗ ಸರಿ. ತಿರುಗಿ ನಮ್ಮ ಕಡೆ ಬರುವಾಗ ಎಡಬಲ ಅದಲುಬದಲಾಗುತ್ತದೆ. ಜನ್ಮವೆಲ್ಲ ಸೀಟಿನಲ್ಲಿ ಕೂತು ಓಡಿಸಿದವರಿಗೆ ಇದು ತಲೆಗೆ ಹತ್ತಲಿಲ್ಲ. ಪ್ರತಿ ಸಲವೂ ಕಾರು ಜಾಲಿ ಪೊದೆಗೆ. ನಾನು ರೇಗಿದರೆ, “ಲೇ, ನನಗೇ ಡ್ರೈವಿಂಗ್ ಹೇಳ್ಕೊಡ್ತೀಯೇನ್ಲಾ?” ಎಂದು ದಬಾಯಿಸುತ್ತಿದ್ದರು. ಕೊನೆಗೆ ತಾವೇ ಕಾರಿನೊಳಗೆ ಕೂತಿರುವುದಾಗಿ ಅಂದುಕೊಂಡು ಓಡಿಸತೊಡಗಿದರು. ತಿರುವು ಬಂದಾಗ ಬಾಯಲ್ಲೇ ಹಾರನ್ ಹೊಡೆಯುತ್ತಿದ್ದರು. ಆಮೇಲೆ ಕಾರು ಪೊದೆಯ ಹತ್ತಿರವೂ ಸುಳಿಯಲಿಲ್ಲ.

ಹೊಸಕೋಟೆ ಕಡೆ ಒಂದು ರೇಸ್ ಇತ್ತು. ಮಾವ ಇಸ್ತ್ರಿ ಮಾಡಿದ ಖಾಕಿ ಷರ್ಟು ಹಾಕಿಕೊಂಡು ಹೊರಟರು. ಅಲ್ಲಿ ಹೋಗಿ ನೋಡಿದರೆ, ಓಡಿಸುವವರೆಲ್ಲ ಎತ್ತರದ ಅಟ್ಟದ ಮೇಲೆ ನಿಲ್ಲಬೇಕು. ಕೆಳಗಿಂದ ಟ್ರ್ಯಾಕಿನ ಆಚೆ ಬದಿ ಕಾಣುವುದೇ ಇಲ್ಲ. ಅಟ್ಟಕ್ಕೆ ಕಡಿದಾದ ಕಬ್ಬಿಣದ ಏಣಿ. ಅಲ್ಲಿದ್ದ ಹುಡುಗರು ಒಳ್ಳೆಯವರೇ, “ಅಂಕಲ್, ಎತ್ಕೊಂಡ್ ಹೋಗ್ತೀವಿ ಬನ್ನಿ” ಎಂದರು.

“ಬೇಡ್ರಪ್ಪಾ. ಡ್ರೈವರ್ ಆದೋನು ತನ್ ಸೀಟಿಗೆ ತಾನೇ ಹತ್ಬೇಕು.”

ಮಾವ ಓಡಿಸಬೇಕಿದ್ದ ಕಾರನ್ನು ನಾನೇ ಓಡಿಸಿದೆ. ವಾಪಸು ಬರುವಾಗ ಬಸ್ಸು ದೇವನಹಳ್ಳಿ ದಾಟಿತು. ಆಗ ಮಾವ, “ಮುಂದಿನ್ ರೇಸ್ ಯಾವಾಗ?” ಎಂದರು.

ಮಾರನೆಯ ದಿನದಿಂದ, ಅವರ ಹೆಂಡತಿ, ಬೀದಿಗೆಲ್ಲ ಅತ್ತೆ, ಹಾಲು ತರಲು ಹೋದ ಹೊತ್ತು ನೋಡಿಕೊಂಡು, ನಮ್ಮ ತಾರಸಿಯ ಏಣಿ ಹತ್ತಲು ಬರತೊಡಗಿದರು. ಮೊದಮೊದಲು ಒಂದು ಮೆಟ್ಟಿಲಿಗೇ ಬೆವರಿ ತೊಪ್ಪೆಯಾಗುತ್ತಿದ್ದರು. ಒಂದು ಬೆಳಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ತಾರಸಿಯಿಂದ ಕೂಗು ಕೇಳಿತು: “ಬಂದ್ಬಿಟ್ಟೆ ಕಣೋ!” ತಲೆಯೆತ್ತಿದರೆ ಮಾವ ಎರಡೂ ಕೈ ಮೇಲೆತ್ತಿ ನಗುತ್ತಿದ್ದರು. ನಾನೂ ಬಾಯಲ್ಲಿದ್ದ ನೊರೆ ಸಮೇತ ಕೂಗಿಬಿಟ್ಟೆ.

ದಿನಾ ಹತ್ತಿ ಇಳಿಯುವಾಗ ಕೃತಕ ಕಾಲು ಉಜ್ಜಿ ಮೊಂಡುಗಾಲು ಹುಣ್ಣಾಗಿತ್ತು. ಹೇಳಿದರೆ ಹತ್ತಲು ಬಿಡುವುದಿಲ್ಲವೆಂದು ಬಟ್ಟೆ ಸುತ್ತಿ ಮುಚ್ಚಿಟ್ಟಿದ್ದರು. ನನಗೂ ಹೇಳಲಿಲ್ಲ. ಸಕ್ಕರೆ ಕಾಯಿಲೆಯ ಮೈ... ಜ್ವರ ಬಂದು ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ನಂಜು ಏರಿಬಿಟ್ಟಿತ್ತು. ರೇಸಿಗೆ ಇನ್ನೂ ದಿನ ಇರುವಾಗಲೇ ಹೋಗಿಬಿಟ್ಟರು.

ತಿಥಿಯ ದಿನ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು. “ನಿಜವಾಗ್ಲೂ ಮೇಲಕ್ಕೆ ಹತ್ತಿದ್ರೇನಪ್ಪಾ?”

“ಹೂಂ ಅತ್ತೆ. ತುದಿಗಂಟ. ಒಬ್ರೇ.”

“ನನ್ನೂ ಕರೀಬಾರ್ದಿತ್ತಾ... ನಾನೂ ನೋಡ್ತಿದ್ದೆ.”



ಈಗಲೂ ರೇಸಿಗೆ ಹೋಗುತ್ತೇನೆ. ಅಟ್ಟದ ಏಣಿಯನ್ನು ಒಂದೇ ಉಸಿರಿಗೆ ಹತ್ತುತ್ತೇನೆ. ಮೇಲೆ ನಿಂತರೆ ಇಡೀ ಟ್ರ್ಯಾಕು ಕಣ್ಣ ಮುಂದೆ, ಆಚೆ ಬದಿಯ ತಿರುವೂ ಸೇರಿ. ಇದನ್ನು ನೋಡಬೇಕೆಂದೇ ಮಾವ ಅಷ್ಟು ಒದ್ದಾಡಿದ್ದು. ಅವರು ಕಂಡಿದ್ದು ನಮ್ಮ ಬೀದಿಯ ತಾರಸಿಗಳನ್ನು ಮಾತ್ರ.