ನಾನು ಟೈಪ್ ಮಾಡಿದ ಒಂದು ಪದ

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಒಮಾನಿನ ಮಸ್ಕತ್ ಬಳಿಯ ಬೌಷರ್‌ನ ಒಂದು ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದೆ. ಐಸ್ ಪ್ಲಾಂಟು, ಕೋಲ್ಡ್ ಸ್ಟೋರೇಜುಗಳಿಗೆ ಯಂತ್ರ ಕೂರಿಸಿ, ಅವನ್ನು ನೋಡಿಕೊಳ್ಳುವ ಕಂಪನಿ. ಮನೆ ಸೀಬ್‌ನಲ್ಲಿ. ಬೆಳಿಗ್ಗೆ ಗಂಡ ತನ್ನ ಆಫೀಸಿಗೆ ಹೊರಟ ಮೇಲೆ ಕಂಪನಿಯ ವ್ಯಾನು ಬಂದು ನನ್ನನ್ನು ಕರೆದೊಯ್ಯುತ್ತಿತ್ತು. ಕನ್ನಡ ಬಲ್ಲ ಟೈಪಿಸ್ಟ್ ನಾನೊಬ್ಬಳೇ ಆದ್ದರಿಂದ ನಮ್ಮ ಕಡೆಯ ಕೆಲಸಗಾರರು ಏನೇ ಬರೆಸಬೇಕಾದರೂ ನನ್ನ ಮೇಜಿನ ಬಳಿ ಬಂದು ನಿಲ್ಲುತ್ತಿದ್ದರು. ಅವರು ತುಳುವಿನಲ್ಲೋ ಕನ್ನಡದಲ್ಲೋ ಹೇಳುವರು, ನಾನು ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡುವೆ. ನನ್ನ ಇಂಗ್ಲಿಷಿನ ಬಗ್ಗೆ ನನಗೆ ಹೆಮ್ಮೆಯಿತ್ತು.

ಒಂದು ಜುಲೈ ತಿಂಗಳಲ್ಲಿ ದೇಶದ ಉತ್ತರ ತುದಿಯ ಖಸಬ್‌ನಿಂದ ನಮ್ಮ ಮೆಕ್ಯಾನಿಕ್ ಬಂದರು. ಕಾರ್ಕಳದ ಕಡೆಯವರು, ಐವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ಖಸಬ್‌ನ ಬಂದರಿನ ಪಕ್ಕ ಮೀನುಗಾರರಿಗೆ ಐಸ್ ಒದಗಿಸುವ ಪ್ಲಾಂಟನ್ನು ಅವರೂ ಒಬ್ಬ ಬ್ಯಾರಿ ಡ್ರೈವರೂ ನೋಡಿಕೊಳ್ಳುತ್ತಿದ್ದರು. ಗುರುವಾರ ಮಧ್ಯಾಹ್ನ, ವಾರದ ರಜೆಗೆ ಆಫೀಸು ಮುಚ್ಚಿದ ಮೇಲೆ, ಕಂಪ್ರೆಸರಿನ ವಾಲ್ವ್ ಒಡೆದಿತ್ತು. ಬಿಡಿಭಾಗ ಮಸ್ಕತ್‌ನಿಂದ ಬರಬೇಕಾದರೆ ಇನ್ನೂ ಮೂರು ದಿನ. ಅಷ್ಟರಲ್ಲಿ ದೋಣಿಗಳು ತಂದ ಮೀನೆಲ್ಲ ಕೊಳೆಯುತ್ತಿತ್ತು. ಬೇರೆ ಗಿರಾಕಿಗೆ ಸೇರಿದ ಹೊಸ ಕಂಪ್ರೆಸರೊಂದು ಪೆಟ್ಟಿಗೆಯಲ್ಲಿ ಸೀಲ್ ಆಗಿ ಅಲ್ಲಿಯೇ ಕೂತಿತ್ತು. ಇಬ್ಬರೂ ಆ ಸೀಲ್ ಒಡೆದು, ವಾಲ್ವ್ ತೆಗೆದು, ಪ್ಲಾಂಟನ್ನು ಓಡಿಸಿದ್ದರು. ಮೀನು ಉಳಿಯಿತು. ಆದರೆ ಅನುಮತಿಯಿಲ್ಲದೆ ಸೀಲ್ ಮುಟ್ಟಿದ್ದಕ್ಕೆ ಹೇಳಿಕೆ ಬರೆದು ಕೊಡಬೇಕೆಂದು ಆಫೀಸು ಕೇಳಿತ್ತು.

ಅದನ್ನು ಬರೆಸಲು ಬಂದ ಮೆಕ್ಯಾನಿಕ್ ಹೇಳಿದ ಮುಖ್ಯ ವಾಕ್ಯ ಇಷ್ಟೇ: ನಾವಿಬ್ಬರೂ ಸೇರಿ ಸೀಲ್ ತೆಗೆದೆವು. ನಾನು ದಿನಕ್ಕೆ ಹತ್ತು ಸಲ ‘ಟುಗೆದರ್’ ಟೈಪ್ ಮಾಡಿ ಬೇಸತ್ತಿದ್ದೆ. ಪತ್ರಿಕೆಯ ಒಂದು ತಲೆಬರಹದಲ್ಲಿ ಇಬ್ಬರು ವ್ಯಾಪಾರಿಗಳು ‘ಕನೈವ್’ (connive) ಮಾಡಿದರು ಎಂದು ಓದಿದ್ದು ನೆನಪಾಯಿತು. ಇಬ್ಬರು ಕೂಡಿ ಯೋಚಿಸಿ ಮಾಡುವುದು ಎಂದು ಅರ್ಥ ಊಹಿಸಿಕೊಂಡಿದ್ದೆ. ನಿಘಂಟು ಪಕ್ಕದ ಕಪಾಟಿನಲ್ಲೇ ಇತ್ತು, ತೆಗೆದು ನೋಡದೆ ಆ ಪದವನ್ನೇ ಟೈಪ್ ಮಾಡಿದೆ. ಅವರು ಸಹಿ ಹಾಕಿ ಹೋದರು.

ವಾರದ ಮೇಲೆ ಪರ್ಸೊನೆಲ್ ವಿಭಾಗದಿಂದ ಟೈಪ್ ಮಾಡಲು ಒಂದು ಕರಡು ಬಂತು. ಮೆಕ್ಯಾನಿಕ್ ಮತ್ತು ಡ್ರೈವರನ್ನು ಕೆಲಸದಿಂದ ತೆಗೆದು ಊರಿಗೆ ಕಳುಹಿಸುವ ಆದೇಶ. ಕಾರಣದ ಸಾಲಿನಲ್ಲಿ ನನ್ನ ಆ ಪದವೇ ಇತ್ತು, ‘ಅವರೇ ಒಪ್ಪಿಕೊಂಡಂತೆ’ ಎಂಬ ಮಾತಿನೊಂದಿಗೆ. ಈಗ ನಿಘಂಟು ತೆಗೆದೆ. ತಪ್ಪು ಕಂಡೂ ಕಣ್ಣು ಮುಚ್ಚಿಕೊಳ್ಳುವುದು, ಒಳಗೊಳಗೆ ಶಾಮೀಲಾಗುವುದು ಎಂದಿತ್ತು.

ಅರಬ್ಬಿಗೆ ಅನುವಾದ ಮಾಡುತ್ತಿದ್ದ ಸುಡಾನಿನ ಹಿರಿಯರೊಬ್ಬರ ಕೋಣೆಗೆ ಹೋದೆ. ಅವರು ಆ ಹೇಳಿಕೆಯ ಅರಬ್ಬಿ ಪ್ರತಿ ತೆಗೆದು ತೋರಿಸಿದರು. ‘ತವಾತು’ ಎಂದು ಬರೆದಿದ್ದರು. ಕೆಟ್ಟದ್ದಕ್ಕೆ ಕೈಜೋಡಿಸುವುದಕ್ಕೆ ಆ ಪದ. ಒಳ್ಳೆಯದಕ್ಕೆ ಕೈಜೋಡಿಸಿದರೆ ‘ತಆವುನ್’. ಕಾಗದದಲ್ಲಿ ಇದ್ದುದನ್ನೇ ತಾವು ಬರೆದದ್ದು, ಹೊಸದೇನೂ ಸೇರಿಸಿಲ್ಲ ಎಂದರು. ಅದು ನಿಜವೇ ಆಗಿತ್ತು. ನಾನು ಆದೇಶವನ್ನು ಟೈಪ್ ಮಾಡದೆ ಪರ್ಸೊನೆಲ್‌ನವರಿಗೆ ಹಿಂದಿರುಗಿಸಿ, ತಪ್ಪು ನನ್ನದು ಎಂದು ಹೇಳಿದೆ. ಅವರು ಕೋಪಿಸಿಕೊಂಡರು. ಆದರೂ ಜನರಲ್ ಮ್ಯಾನೇಜರರು ಇಬ್ಬರನ್ನೂ ಕರೆಸಿ ಮಾತಾಡುವುದೆಂದು ಆಯಿತು.

ಅವರ ಮುಂದೆ ಹೋಗುವ ಮೊದಲು ಹೊಸ ಹೇಳಿಕೆ ಬೇಕಿತ್ತು. ಇಬ್ಬರೂ ನನ್ನ ಮೇಜಿನೆದುರು ಕೂತರು. ಡ್ರೈವರಿಗೆ ಮೂವತ್ತು ದಾಟಿತ್ತು, ಎರಡನೆಯ ಮಗು ಹುಟ್ಟಿ ತಿಂಗಳಾಗಿತ್ತು. ಒಬ್ಬನಾದರೂ ಉಳಿಯಲಿ ಎಂದು ನಾನೊಂದು ದಾರಿ ಹೇಳಿದೆ. ಕೆಲಸ ಮಾಡಿದ್ದು ಮೆಕ್ಯಾನಿಕ್, ಡ್ರೈವರ್ ಸುಮ್ಮನೆ ಜೊತೆಗಿದ್ದ ಎಂದು ಬರೆಯೋಣವೇ ಎಂದೆ. ಮೆಕ್ಯಾನಿಕ್ ಕೂಡಲೇ ಒಪ್ಪಿದರು.

ಡ್ರೈವರ್ ಒಪ್ಪಲಿಲ್ಲ. “ಜೊತೆಗಿರುವುದು ಬೇರೆ ಅಕ್ಕ, ಸೇರಿ ಮಾಡುವುದು ಬೇರೆ. ಪೆಟ್ಟಿಗೆ ಎತ್ತಿ ಇಳಿಸಿದ್ದು ನಾನು. ಸೀಲಿಗೆ ಮೊದಲು ಕತ್ತರಿ ಹಾಕಿದ್ದೂ ನಾನೇ.”

ಹಾಗಾದರೆ ಸಹಾಯ ಮಾಡಿದ ಎಂದು ಬರೆಯುತ್ತೇನೆ ಎಂದೆ. ಈಗ ಮೆಕ್ಯಾನಿಕ್ ಅಡ್ಡಡ್ಡ ತಲೆಯಾಡಿಸಿದರು.

“ಅದು ಬೇಡ ಮಾರಾಯ್ರೆ. ಇವನೇ ಹೇಳಿದ ಮೇಲೆ ಇದ್ದದ್ದನ್ನೇ ಬರೆಯಿರಿ. ಸಹಾಯ ಅಂದ್ರೆ ಕೆಲಸ ನನ್ನದು, ಕೈ ಮಾತ್ರ ಇವನದ್ದು ಅಂತ ಆಗ್ತದೆ. ತೆಗೆಯುವಾ ಅಂತ ಹೇಳಿದ್ದೇ ಇವ. ನನಗೆ ಧೈರ್ಯ ಇರ್ಲಿಲ್ಲ.”

ಅಲ್ಲಿಯವರೆಗೆ ಅವರು ಅದನ್ನು ಯಾರಿಗೂ ಹೇಳಿರಲಿಲ್ಲ. ನಾನು ಇಬ್ಬರ ಮಾತನ್ನೂ ಹಾಗೆಯೇ, ಯಾರು ಏನು ಹೇಳಿದರು, ಯಾರು ಏನು ಎತ್ತಿದರು ಎಂದು ಸಣ್ಣ ಸಣ್ಣ ವಾಕ್ಯಗಳಲ್ಲಿ ಟೈಪ್ ಮಾಡಿದೆ.

ಜನರಲ್ ಮ್ಯಾನೇಜರ್ ಒಮಾನಿ, ಹಿಂದಿ ಚೆನ್ನಾಗಿ ಬರುತ್ತಿತ್ತು. ಮೊದಲು ನನ್ನ ತಪ್ಪನ್ನು ಹೇಳಿದೆ. ಅವರು ಕೇಳಿಸಿಕೊಂಡು, ಕಾಗದ ಬದಿಗಿಟ್ಟು, ಸೀಲ್ ಒಡೆದವರು ಯಾರು ಎಂದು ನೇರವಾಗಿ ಕೇಳಿದರು. “ನಾನು” ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಮ್ಯಾನೇಜರ್ ನಗಲಿಲ್ಲ. ಕೇಳದೆ ಮಾಡಿದ್ದು ತಪ್ಪು, ಆದರೆ ಇದರಲ್ಲಿ ಮುಚ್ಚುಮರೆ ಕಾಣುತ್ತಿಲ್ಲ ಎಂದು ಹೇಳಿ, ಇಬ್ಬರಿಗೂ ಎಚ್ಚರಿಕೆಯ ಪತ್ರ ಕೊಡಿಸಿದರು. ಕೊನೆಗೆ “ಖಲಾಸ್” ಎಂದು ಫೈಲು ಮುಚ್ಚಿದರು.

ಕೆಲಸ ಉಳಿಯಿತು. ಆದರೆ ತಿಂಗಳೊಳಗೆ ಮೆಕ್ಯಾನಿಕ್ ಅವರನ್ನು ಸೊಹಾರ್‌ಗೆ ಹಾಕಿದರು, ಡ್ರೈವರ್ ಖಸಬ್‌ನಲ್ಲೇ ಉಳಿದ. ಇಬ್ಬರನ್ನು ಒಂದೇ ಕಡೆ ಇಡಬಾರದೆಂದು ಯಾರೋ ಹೇಳಿದ್ದರಂತೆ. ನನ್ನ ಮೊದಲ ಪದದ ನೆರಳು ಪೂರ್ತಿ ಹೋಗಿರಲಿಲ್ಲವೆಂದು ನನಗನ್ನಿಸಿತು. ಅವರಿಬ್ಬರೂ ನನ್ನನ್ನು ದೂರಲಿಲ್ಲ. ಕ್ಷಮೆ ಕೇಳಿದಾಗ ಮೆಕ್ಯಾನಿಕ್, ಆಯಿತು ಬಿಡಿ ಎಂದಷ್ಟೇ ಹೇಳಿದರು.

ಅಲ್ಲಿಂದ ಮುಂದೆ ಮೆಕ್ಯಾನಿಕ್ ಏನಾದರೂ ಬರೆಸಲು ಬಂದರೆ ಸಹಿ ಹಾಕುವ ಮೊದಲು, ಒಮ್ಮೆ ಕನ್ನಡದಲ್ಲಿ ಓದಿ ಹೇಳಿ ಎನ್ನುತ್ತಿದ್ದರು. ಮೊದಮೊದಲು ಅದು ಚುಚ್ಚುತ್ತಿತ್ತು. ಆಮೇಲೆ ಎಲ್ಲರಿಗೂ ಹಾಗೆಯೇ ಓದಿ ಹೇಳತೊಡಗಿದೆ. ಕೆಲಸ ನಿಧಾನವಾಗುತ್ತದೆಂದು ಮೇಲಿನವರು ಗೊಣಗಿದರು. ತೊಂಬತ್ತರ ದಶಕದ ನಡುವಿನಲ್ಲಿ ಕೆಲಸ ಬಿಡುವವರೆಗೂ ನಾನದನ್ನು ನಿಲ್ಲಿಸಲಿಲ್ಲ.