ದಾರಿಯಲ್ಲಿ ಬಿಚ್ಚದ ಉಡಿ

ಬನಹಟ್ಟಿಯ ನಮ್ಮ ಓಣಿಯಲ್ಲಿ ಗಿರಿಮಲ್ಲಪ್ಪ ಸೀರೆ ನೇಯುತ್ತಾನೆ, ಅವನ ಹೆಂಡತಿ ಶಿವವ್ವ ಮಾರುತ್ತಾಳೆ. ಗಂಟು ಹೊತ್ತು ಬಸ್ಸು ಹತ್ತಿ, ಹುನ್ನೂರಿನಿಂದ ಬೀಳಗಿಯವರೆಗೆ ಮನೆಮನೆಗೆ ಹೋಗುವುದು ಅವಳ ವೃತ್ತಿ. ಬಿಸಿಲಿಗೆ ಅಂಜಿದವಳಲ್ಲ, ಬೆಲೆಯಲ್ಲಿ ಎರಡು ಮಾತು ಆಡಿದವಳಲ್ಲ. ಮನೆಯಾಕೆ ಒಲೆಯ ಮೇಲೆ ಹಾಲಿಟ್ಟು, "ಶಿವಕ್ಕಾ, ಉಕ್ಕೀತು ನೋಡ್ಕೋತಿರು" ಎಂದು ಅವಳೊಬ್ಬಳನ್ನೇ ಒಳಗೆ ಬಿಟ್ಟು ನೀರಿಗೆ ಹೋಗುವುದುಂಟು. ಅಂಥ ಮನೆಗಳಲ್ಲಿ ಒಮ್ಮೆ 'ಕಳ್ಳಿ' ಎಂಬ ಮಾತು ಕೇಳಿಸಿದರೆ ಮುಂದೆ ಯಾರೂ ಅವಳನ್ನು ಹೊಸ್ತಿಲು ದಾಟಗೊಡರು.

ಹೋದ ವರ್ಷ ಅವಳು ಬೆಂಗಳೂರಿಗೆ, ತಂಗಿಯ ಮಗಳು ಸೌಂದರ್ಯಾಳ ಹೊಸ ಮನೆಯ ಪ್ರವೇಶಕ್ಕೆ ಹೋಗಿದ್ದಳು. ಜೊತೆಗೆ ಓಣಿಯ ಶ್ರೀದೇವಿ. ಶ್ರೀದೇವಿ ಒಳ್ಳೆಯ ಹೆಣ್ಣುಮಗಳು; ಆದರೆ ಅವಳು ಕಂಡದ್ದು ಸಂಜೆಯೊಳಗೆ ಪಕ್ಕದೂರು ರಬಕವಿಯನ್ನೂ ಮುಟ್ಟುತ್ತದೆ. ಹೊರಡುವಾಗ ಸೌಂದರ್ಯಾ ದೊಡ್ಡವ್ವನಿಗೆ ಉಡಿ ತುಂಬಿದಳು: ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಕುಪ್ಪಸದ ಖಣ. ಶಿವವ್ವ ಅದನ್ನು ಸೆರಗಿನಲ್ಲಿ ಕಟ್ಟಿ ಸೊಂಟಕ್ಕೆ ಸಿಗಿಸಿಕೊಂಡಳು. ತುಂಬಿದ ಉಡಿಯನ್ನು ದಾರಿಯಲ್ಲಿ ಬಿಚ್ಚುವುದಿಲ್ಲ, ದೇವರ ಮುಂದೆಯೇ ಬಿಚ್ಚಬೇಕು ಎಂಬುದು ನಮ್ಮ ಕಡೆಯ ಪದ್ಧತಿ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಶಿವವ್ವನ ಮೊಮ್ಮಗಳಿಗೆ ಲಂಗ ಕೊಳ್ಳೋಣವೆಂದು ಇಬ್ಬರೂ ಒಂದು ದೊಡ್ಡ ಬಟ್ಟೆಯಂಗಡಿಯನ್ನು ಹೊಕ್ಕರು. ಯಾವುದೂ ಮನಸ್ಸಿಗೆ ಬರದೆ ಹೊರಗೆ ಹೊರಟಾಗ ಬಾಗಿಲ ಬಳಿಯ ಯಂತ್ರ ಕೂಗಿತು. ಕಾವಲುಗಾರ ಅಡ್ಡ ಬಂದ.

"ಸೊಂಟದಲ್ಲಿ ಏನಮ್ಮಾ ಅದು?"

"ಉಡಿ."

"ಪುಡಿನಾ? ಯಾವ ಪುಡಿ?"

"ಪುಡಿ ಅಲ್ಲೋ ಯಪ್ಪಾ, ಉಡಿ. ಉಡಿ ತುಂಬ್ಯಾರ."

"ತುಂಬ್ಕೊಂಡಿರೋದು ಕಾಣ್ತಿದೆ. ಬಿಚ್ಚಿ."

"ಇಲ್ಲಿ ಬಿಚ್ಚಂಗಿಲ್ಲ."

ಅಷ್ಟು ಸಾಕಾಯಿತು. ಅಂಗಡಿಯ ಮ್ಯಾನೇಜರ್ ಬಂದ. ಕೊಳ್ಳಲು ಬಂದವರು ಸುತ್ತ ನೆರೆದರು. "ಕಳ್ಳಿಯರೆಲ್ಲ ಹೀಗೇ ನಾಟಕ ಮಾಡ್ತಾರೆ. ಮಾಲು ಅಲ್ಲಿಟ್ಟು ಹೊರಟುಬಿಡಿ, ಪೊಲೀಸರನ್ನ ಕರೆಯಲ್ಲ" ಎಂದು ಅವನು ಎಲ್ಲರಿಗೂ ಕೇಳಿಸುವಂತೆ ಹೇಳಿದ.

ಶ್ರೀದೇವಿ ಶಿವವ್ವನ ತೋಳು ಹಿಡಿದಳು. "ತೋರಿಸಿಬಿಡ ಯಕ್ಕಾ. ಬಸ್ಸ ತಪ್ಪತೈತಿ."

"ಬಸ್ಸ ನಾಳೀನೂ ಬರತೈತಿ. ಊರಾಗ ಕಥಿ ಹೇಳಾಕಿ ನೀನ. ಪೂರಾ ನೋಡಿ ಹೇಳು, ಅರ್ಧಾ ಬ್ಯಾಡ" ಎಂದು ಶಿವವ್ವ ಬಾಗಿಲಿಗೆ ಅಡ್ಡವಾಗಿ ಕುಳಿತಳು. "ಕರೀರಿ ಪೊಲೀಸರನ್ನ."

ಮಹಿಳಾ ಪೇದೆ ಸರಿತಾ ಬಂದರು. ಶಿವವ್ವನ ಸೊಂಟದ ಗಂಟನ್ನು ನೋಡಿ, "ಮಡಿಲು ತುಂಬಿರೋದಾ ಅಮ್ಮಾ?" ಎಂದರು.

"ನಿಮ್ಮ ಕಡಿ ಹಂಗಂತಾರೇನ್ರಿ? ಅದಾ ಇರಬೇಕು."

"ನನಗೇನೋ ಅರ್ಥವಾಯ್ತು. ಆದ್ರೂ ಯಂತ್ರ ಕೂಗಿದೆ, ನೋಡಲೇಬೇಕು."

"ಬ್ಯಾಡ ಅನ್ನಾಕಿ ಅಲ್ರಿ ನಾ. ಆದ್ರ ಬಾಗಲದಾಗ ಬಿಚ್ಚೂದಿಲ್ಲ. ನಿಮ್ಮ ಠಾಣ್ಯಾಗ ದೇವರ ಫೋಟೋ ಐತೇನು?"

"ಇದೆ."

"ದೀಪಾ ಹಚ್ಚತೀರಿ?"

"ದಿನಾ ಹಚ್ತೀವಿ."

"ಹಂಗಾರ ನಡೀರಿ."

"ಮಂದಿ ಠಾಣೆ ಅಂದ್ರ ನಡಗತಾರ. ನೀ ಗುಡಿಗೆ ಹೊಂಟಂಗ ಹೊಂಟಿ ನೋಡು" ಎಂದು ಗೊಣಗುತ್ತ ಶ್ರೀದೇವಿ ಹಿಂಬಾಲಿಸಿದಳು. ಮ್ಯಾನೇಜರನೂ ಬಂದ.

ಠಾಣೆಯಲ್ಲಿ ಶಿವವ್ವ ದೇವರ ಪಟಕ್ಕೆ ಕೈಮುಗಿದು ಅದರ ಕೆಳಗೆ ಉಡಿ ಬಿಚ್ಚಿದಳು. ಅಕ್ಕಿಯ ನಡುವೆ ಇದ್ದ ಖಣಕ್ಕೆ, ಯಂತ್ರವನ್ನು ಕೂಗಿಸುವ, ಆ ಅಂಗಡಿಯದೇ ಚೀಟಿ ಅಂಟಿತ್ತು. ಮ್ಯಾನೇಜರ್ ನಕ್ಕ. ಸೌಂದರ್ಯಾಳಿಗೆ ಫೋನು ಹೋಯಿತು. ಆ ಖಣವನ್ನು ದೀಪಾವಳಿಗೆ ಅಲ್ಲಿಯೇ ಕೊಂಡಿದ್ದಾಗಿಯೂ ಚೀಟಿ ಕೀಳುವುದನ್ನು ಮರೆತದ್ದಾಗಿಯೂ ಅವಳು ಅಳುತ್ತ ಹೇಳಿದಳು.

"ಸಂಬಂಧಿಕರು ಹಾಗೇ ಹೇಳ್ತಾರೆ" ಎಂದ ಮ್ಯಾನೇಜರ್.

ಶಿವವ್ವ ಖಣವನ್ನು ಮಡಿಸಿ ಅಕ್ಕಿಯ ಮೇಲಿಟ್ಟು ಸ್ವಲ್ಪ ಯೋಚಿಸಿದಳು. ಬಳಿಕ ಸರಿತಾರ ಕಡೆಗೆ ತಿರುಗಿದಳು. "ಬಾಯಾರ, ನಾ ಒಳಗ ಹೋಗುವಾಗೂ ಆ ಯಂತ್ರ ಕೂಗಿತ್ರಿ. ಕಾವಲಿನಂವ ನಮಸ್ಕಾರ ಮಾಡಾಕತ್ತಿದ್ದ. ಯಂತ್ರಾನೂ 'ಬರ್ರಿ' ಅನ್ನಾಕತ್ತೈತಿ ಅಂತ ತಿಳಕೊಂಡೆ ನಾ."

ಸರಿತಾ ನಗಲಿಲ್ಲ. ಬಾಗಿಲ ಕ್ಯಾಮೆರಾದ ಚಿತ್ರವನ್ನು ತರಿಸಿ ನೋಡಿದರು. ಶಿವವ್ವ ಸೊಂಟದಲ್ಲಿ ಗಂಟು ಸಿಗಿಸಿಕೊಂಡೇ ಒಳಗೆ ಬರುತ್ತಿದ್ದಳು, ಯಂತ್ರದ ಕೆಂಪು ದೀಪ ಮಿನುಗುತ್ತಿತ್ತು, ಕಾವಲುಗಾರ ಕೈಮುಗಿದು ನಿಂತಿದ್ದ. ಹೊರಗೆ ಹೋಗುವವರನ್ನಷ್ಟೇ ಅನುಮಾನಿಸುವುದು ಅಂಗಡಿಯವರಿಗೆ ರೂಢಿಯಾಗಿತ್ತು.

"ನಿಮ್ಮ ಮೇಲೆ ಏನೂ ಇಲ್ಲಮ್ಮಾ. ಹೊರಡಿ" ಎಂದರು ಸರಿತಾ.

"ಹೊಂಟೀನ್ರಿ. ಮೊದಲ ಅಂಗಡಿಗೆ."

"ಮತ್ತೆ ಅಲ್ಲಿಗ್ಯಾಕೆ?"

"ಕಳ್ಳಿ ಅಂದದ್ದು ಇಲ್ಲಲ್ಲ, ಅಲ್ಲಿ."

ಮ್ಯಾನೇಜರ್ ಠಾಣೆಯಲ್ಲಿಯೇ ಕ್ಷಮೆ ಕೇಳಿದ. ಬೇಕಾದ ಸೀರೆಯೊಂದನ್ನು ಆರಿಸಿಕೊಳ್ಳಿ ಎಂದ. "ಸೀರಿ ನಮ್ಮ ಮನ್ಯಾಗ ನೇಯತಾರ" ಎಂದು ಅವಳು ಮುಂದೆ ನಡೆದಳು. ಸರಿತಾ ಮ್ಯಾನೇಜರನನ್ನು ನೋಡಿದರು; ಅವನೂ ಎದ್ದ.

ಅಂಗಡಿಯಲ್ಲಿ, ರಿಯಾಯಿತಿ ಸಾರುವ ಮೈಕನ್ನು ಹಿಡಿದು ಅವನು ಮೆಲ್ಲಗೆ ಹೇಳಿದ: "ಗ್ರಾಹಕರೇ, ಇವತ್ತು ನಮ್ಮಿಂದ ತಪ್ಪಾಗಿದೆ. ಶಿವವ್ವ ಅನ್ನೋರು ಏನೂ ಕದ್ದಿಲ್ಲ."

"ಊರ ಹೆಸರ ಹೇಳ್ರಿ. ಶಿವವ್ವಗೋಳು ಬಾಳ ಮಂದಿ ಅದಾರ."

"ಬನ್ನಟ್ಟಿ ಶಿವವ್ವ..."

"ಬನಹಟ್ಟಿ. ಇನ್ನೊಮ್ಮೆ ಹೇಳ್ರಿ, ಜೋರಲೆ."

ಅವನು ಇನ್ನೊಮ್ಮೆ, ಜೋರಾಗಿ ಹೇಳಿದ. ಸೀರೆ ನೋಡುತ್ತಿದ್ದ ಹೆಂಗಸರು ತಿರುಗಿ ನೋಡಿದರು. ಶಿವವ್ವ ಶ್ರೀದೇವಿಯ ಕಡೆಗೆ ಹೊರಳಿ, "ಈಗ ಹೇಳ ಹೋಗು ಊರಾಗ" ಎಂದಳು.