ಕಲಾವತಿ ಗೆರೆ ಹಾಕಿದ ಸಾಲುಗಳು

ಕಲಾವತಿಯನ್ನು ಬೈಯುವ ಹಕ್ಕು ನನಗೊಬ್ಬಳಿಗೇ ಇದೆ ಎಂದುಕೊಂಡು ಮೂವತ್ತೊಂದು ವರ್ಷ ಕಳೆದಿದ್ದೇನೆ. ಚೆನ್ನೈನ ಒಂದು ವಿಮಾ ಕಚೇರಿಯ ದಾಖಲೆ ವಿಭಾಗದಲ್ಲಿ ಅವಳ ಮೇಜು, ನನ್ನ ಮೇಜು ಎದುರುಬದುರು. ಇಡೀ ಮಹಡಿಯಲ್ಲಿ ಕನ್ನಡದವರು ನಾವಿಬ್ಬರೇ. ನಮ್ಮ ಜಗಳ ಉಳಿದವರಿಗೆ ಅರ್ಥವಾಗುತ್ತಿರಲಿಲ್ಲವಾದ್ದರಿಂದ, ನಾವು ಬಲು ಅನ್ಯೋನ್ಯವಾಗಿದ್ದೇವೆ ಎಂದೇ ಎಲ್ಲರೂ ನಂಬಿದ್ದರು. ಈಗ ಇಬ್ಬರೂ ನಿವೃತ್ತರು. ವೇಲಚೇರಿಯ ಒಂದೇ ಅಪಾರ್ಟ್‌ಮೆಂಟಿನಲ್ಲಿ ಅವಳು ಕೆಳಗೆ, ನಾನು ಮೇಲೆ. ಜಗಳ ಮುಂದುವರಿದಿದೆ.

ಅವಳು ಮದುವೆಯಾಗಲಿಲ್ಲ. ಆಗಿದ್ದರೆ ಗಂಡನಿಗೂ ಒಂದು ಫೈಲ್ ನಂಬರ್ ಕೊಡುತ್ತಿದ್ದಳು. ಕಚೇರಿಯಲ್ಲಿ ಯಾವ ಕಾಗದ ಕಳೆದುಹೋದರೂ ಕಲಾವತಿಯನ್ನು ಕರೆಯುತ್ತಿದ್ದರು. ಅದೇ ಕಲಾವತಿ ಪ್ರತಿ ಸಂಜೆ ಏಳಕ್ಕೆ ‘ಎರಡು ಬಾಗಿಲ ಮನೆ’ ಎಂಬ ಕನ್ನಡ ಧಾರಾವಾಹಿಯ ಮುಂದೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು. ಮೈಸೂರಿನ ಒಂದು ಮನೆ, ಸುಚೇತನಾ ಎಂಬ ಸೊಸೆ, ಮುಗಿಯದ ಕಷ್ಟ. ಒಂದು ದಿನ ಸುಚೇತನಾ ಪೆಟ್ಟಿಗೆ ಹಿಡಿದು ಬಸ್ ನಿಲ್ದಾಣದಲ್ಲಿ ನಿಂತಳು, ಚಾನೆಲ್‌ನವರು ಧಾರಾವಾಹಿಯನ್ನು ಅಲ್ಲಿಗೇ ನಿಲ್ಲಿಸಿಬಿಟ್ಟರು.

ನೋಡುಗರು ಬಿಡಬೇಕಲ್ಲ. ಸುಚೇತನಾ ಯಾವ ಬಸ್ಸು ಹತ್ತಿದಳು, ಎಲ್ಲಿ ಇಳಿದಳು ಎಂದು ತಾವೇ ಬರೆಯತೊಡಗಿದರು. ಇದಕ್ಕೆ ಫ್ಯಾನ್ ಫಿಕ್ಷನ್ ಅನ್ನುತ್ತಾರಂತೆ. ಕಲಾವತಿ ‘ಮುಂದುವರಿಕೆ’ ಅನ್ನುತ್ತಿದ್ದಳು. ಎಲ್ಲೆಲ್ಲೋ ಚದುರಿದ್ದ ಅವನ್ನು ಹುಡುಕಿ, ಮುದ್ರಿಸಿ, ಹೊಲಿದು, ಬೀರುವಿನ ಕೆಳಗಿನ ಖಾನೆಯಲ್ಲಿಟ್ಟಿದ್ದಳು. ಎರಡು ಸಾವಿರದ ಹದಿನೈದರ ನೆರೆಯಲ್ಲಿ ಅವಳ ಮನೆಯೊಳಗೆ ಎದೆಮಟ್ಟ ನೀರು ಬಂದಿತು. ನೀರು ಇಳಿದ ಮೇಲೆ ನೋಡಿದರೆ ಕಾಗದವೆಲ್ಲ ರುಬ್ಬಿದ ಹಿಟ್ಟು. ಆಗ ಅವಳು ಹಟ ಹಿಡಿದು ಕಂಪ್ಯೂಟರ್ ಕಲಿತು, ‘ಮುಂದುವರಿಕೆ’ ಎಂಬ ಹೆಸರಿನಲ್ಲೇ ಜಾಲತಾಣ ಮಾಡಿದಳು. ಐದು ವರ್ಷದಲ್ಲಿ ನೂರಾ ಹನ್ನೆರಡು ಹೆಂಗಸರ ಕತೆಗಳು ಅಲ್ಲಿ ಸೇರಿದವು. ನಿವೃತ್ತಿಯ ದಿನ ನಾವು ಅವಳಿಗೆ ಗೋಡೆ ಗಡಿಯಾರದ ಬದಲು ಇ-ರೀಡರ್ ಕೊಟ್ಟೆವು. ಕತೆಗಳನ್ನೆಲ್ಲ ಅದಕ್ಕೆ ಇಳಿಸಿಕೊಂಡು ಕಿಟಕಿಯ ಬಳಿ ಕೂತಳೆಂದರೆ ಕುಕ್ಕರ್ ಎಷ್ಟು ಸಲ ಕೂಗಿದರೂ ಏಳುತ್ತಿರಲಿಲ್ಲ.

ಜಾಲತಾಣದ ಮೊದಲ ಪುಟದಲ್ಲಿ ಒಂದು ನಿಯಮವಿತ್ತು. ‘ಬರೆದವರು ತೆಗೆಯಿರಿ ಎಂದರೆ ಅಂದೇ ತೆಗೆಯುತ್ತೇವೆ. ಏಕೆಂದು ಕೇಳುವುದಿಲ್ಲ. ಪ್ರತಿ ಇಟ್ಟುಕೊಳ್ಳುವುದಿಲ್ಲ. ಓದುಗರೂ ಇಟ್ಟುಕೊಳ್ಳಬಾರದು.’ ಈ ನಿಯಮ ಬೇಕೆಂದು ಹಟ ಮಾಡಿದವಳು ‘ಸಾಸಿವೆ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಗುಣವತಿ. ಈ ಹೆಂಗಸರಲ್ಲಿ ಮುಕ್ಕಾಲು ಪಾಲು ಮನೆಯವರಿಗೆ ಗೊತ್ತಿಲ್ಲದಂತೆ ಬರೆಯುವವರು. ಯಾವತ್ತಾದರೂ ಸಿಕ್ಕಿಬಿದ್ದರೆ ಒಂದೇ ಗುಂಡಿ ಒತ್ತಿ ಎಲ್ಲವನ್ನೂ ಇಲ್ಲವಾಗಿಸಬಹುದೆಂಬ ಭರವಸೆ ಇರಬೇಕು, ಇಲ್ಲದಿದ್ದರೆ ಯಾರೂ ಬರೆಯುವುದಿಲ್ಲ ಎಂದಿದ್ದಳಂತೆ.

ಗುಣವತಿ ಕಾರ್ಕಳದ ಕಡೆಯವಳು. ಗಂಡ ಮಧ್ವರಾಜ ಎಣ್ಣೂರಿನಲ್ಲಿ, ಉಷ್ಣ ವಿದ್ಯುತ್ ಸ್ಥಾವರದ ಹತ್ತಿರ, ಒಂದು ಸಸ್ಯಾಹಾರಿ ಹೋಟೆಲ್ ನಡೆಸುತ್ತಿದ್ದ. ಹೋಟೆಲಿನ ಹಿಂದೆಯೇ ಮನೆ. ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು ಅವಳಿಗೆ ಒಂದು ಗಂಟೆ ಬಿಡುವು. ಆ ಹೊತ್ತಿನಲ್ಲಿ ಫೋನಿನ ಮೇಲೆ ಬೆರಳಾಡಿಸಿ, ನೇರ ಜಾಲತಾಣದಲ್ಲೇ ಎಂಬತ್ತಮೂರು ಅಧ್ಯಾಯ ಬರೆದಳು. ಕಲಾವತಿಯ ಪ್ರಕಾರ ಸುಚೇತನಾಳನ್ನು ಅಷ್ಟು ಚೆನ್ನಾಗಿ ಬರೆದವರು ಇನ್ನೊಬ್ಬರಿಲ್ಲ. ಆದರೆ ಅದನ್ನು ಗುಣವತಿಗೆ ಹೇಳಿದ್ದಳೇ? ದಾಖಲೆ ವಿಭಾಗದವಳು ಹಾಗೆಲ್ಲ ಹೇಳುತ್ತಾಳೆಯೇ?

ಅವಳು ಮಾಡುತ್ತಿದ್ದುದು ಇಷ್ಟು. ಗುಣವತಿ ಹೊಸ ಅಧ್ಯಾಯ ಬರೆದಾಗ, ಅದು ಎಲ್ಲರಿಗೂ ಕಾಣುವ ಮೊದಲು ಇ-ರೀಡರಿಗೆ ಇಳಿಸಿಕೊಂಡು ಓದುವಳು. ತಪ್ಪು ಕಂಡ ಸಾಲಿಗೆ ಗೆರೆ ಹಾಕಿ, ಕೆಳಗೆ ಟಿಪ್ಪಣಿ ಬರೆಯುವಳು. ಧಾರಾವಾಹಿಯಲ್ಲಿ ಹೀಗಿರಲಿಲ್ಲ, ನಾಲ್ಕನೇ ಅಧ್ಯಾಯದಲ್ಲಿ ಬೇರೆ ಬರೆದಿದ್ದೀರಿ, ಇಂಥವು. ಬುಧವಾರ ಮಧ್ಯಾಹ್ನ ಮೂರಕ್ಕೆ ಗುಣವತಿಯ ಫೋನ್ ಬರುತ್ತಿತ್ತು. ಕಲಾವತಿ ಗೆರೆಗಳನ್ನು ಒಂದೊಂದಾಗಿ ಓದುವಳು. ಗುಣವತಿ ಎದುರು ಮಾತಾಡುತ್ತಿರಲಿಲ್ಲ. “ತೆಗೀತೇನೆ ಅಕ್ಕ” ಎಂದು ಪ್ರತಿಯೊಂದಕ್ಕೂ ಹೇಳಿ, ಹಾಗೆಯೇ ತೆಗೆದೂಬಿಡುತ್ತಿದ್ದಳು. ಕಲಾವತಿ ಮಾತ್ರ ಎಂದೂ ತಾನಾಗಿ ಫೋನ್ ಮಾಡುವಂತಿರಲಿಲ್ಲ. ಫೋನ್ ಯಾರ ಕೈಯಲ್ಲಿರುತ್ತದೋ ಯಾರು ಬಲ್ಲರು ಎಂಬುದು ಇಬ್ಬರ ಒಪ್ಪಂದ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ನಗರದ ಈ ತುದಿಗೊಬ್ಬಳು, ಆ ತುದಿಗೊಬ್ಬಳು.

ಹೋದ ವರ್ಷ ಫೆಬ್ರವರಿಯಲ್ಲಿ ಒಂದು ಬುಧವಾರ ಫೋನ್ ಬರಲಿಲ್ಲ. ಮುಂದಿನ ಬುಧವಾರವೂ ಇಲ್ಲ. ನಾಲ್ಕು ಬುಧವಾರ ಕಲಾವತಿ ಮೂರು ಗಂಟೆಗೆ ಸರಿಯಾಗಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಐದನೆಯ ವಾರ ಜಾಲತಾಣಕ್ಕೆ ಗುಣವತಿಯ ಖಾತೆಯಿಂದಲೇ ಕೋರಿಕೆ ಬಂತು. ಖಾತೆ ಮುಚ್ಚಿ, ಬರೆದದ್ದೆಲ್ಲವನ್ನೂ ಅಳಿಸಿ. ಒಂದು ಮಾತಿಲ್ಲ, ಒಂದು ನಮಸ್ಕಾರವಿಲ್ಲ.

ನಾನು ಆಗ ಅವಳ ಪಕ್ಕದಲ್ಲೇ ಇದ್ದೆ.

“ನನ್ ಮೇಲೆ ಬೇಜಾರಾಗಿದೆ ಅವಳಿಗೆ. ಬರೀ ತಪ್ಪೇ ಹುಡುಕ್ತೀನಿ ಅಂತ” ಎಂದಳು ಕಲಾವತಿ.

“ಬಿಡೇ, ನಾಲ್ಕು ಜನ ಹೊಗಳಿದ ಮೇಲೆ ಕೊಬ್ಬು ಬಂದಿರುತ್ತೆ” ಎಂದೆ ನಾನು. ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ಕೇಳಬಾರದೆಂಬ ನಿಯಮ ಅವಳ ಸ್ವಾಭಿಮಾನಕ್ಕೆ ಅನುಕೂಲವಾಗಿಯೇ ಒದಗಿತು. ಅಂದೇ ಎಂಬತ್ತಮೂರು ಅಧ್ಯಾಯಗಳನ್ನೂ ಜಾಲತಾಣದಿಂದ ತೆಗೆದಳು, ಕಾಪಿಟ್ಟ ಪ್ರತಿಯನ್ನು ತೆಗೆದಳು, ಇ-ರೀಡರಿನಿಂದಲೂ ತೆಗೆದಳು. ಇಳಿಸಿಕೊಂಡ ಓದುಗರಿಗೆಲ್ಲ ಬರೆದಳು, ಸಾಸಿವೆಯವರ ಕತೆಗಳನ್ನು ದಯವಿಟ್ಟು ಅಳಿಸಿ ಎಂದು. ಆಮೇಲೆ ಎರಡು ದಿನ ನನ್ನೊಡನೆಯೂ ಮಾತಾಡಲಿಲ್ಲ.

ಜೂನ್‌ನಲ್ಲಿ ಒಂದು ಹುಡುಗಿ ಎಣ್ಣೂರಿನಿಂದ ಎರಡು ರೈಲು ಬದಲಿಸಿ ವೇಲಚೇರಿಗೆ ಬಂದಳು. ಹೆಸರು ವೀಕ್ಷಾ, ಬಿ.ಕಾಂ. ಓದುತ್ತಿದ್ದಾಳೆ, ಗುಣವತಿಯ ಮಗಳು. ಬಾಗಿಲಲ್ಲಿ ನಿಂತೇ ಹೇಳಿದಳು, “ಆಂಟಿ, ಅಮ್ಮ ಹೋಗಿ ನಾಲ್ಕು ತಿಂಗಳಾಯ್ತು. ತಲೆಯಲ್ಲಿ ರಕ್ತನಾಳ ಒಡೆದದ್ದು. ಎರಡೇ ದಿನ.”

ನಾನು ಇಬ್ಬರನ್ನೂ ಕೂರಿಸಿದೆ.

ಹುಡುಗಿ ತಮಿಳು, ಇಂಗ್ಲಿಷ್, ಅಮ್ಮನ ಊರಿನ ಕನ್ನಡ ಮೂರನ್ನೂ ಕಲಸಿ ಹೇಳಿದ್ದು ಇಷ್ಟು. ಸಾವಿನ ನಂತರ ಅಮ್ಮನ ಫೋನಿನಲ್ಲಿದ್ದ ಖಾತೆಗಳನ್ನೆಲ್ಲ ಒಂದೊಂದಾಗಿ ಮುಚ್ಚುವ ಕೆಲಸ ಅವಳ ಪಾಲಿಗೆ ಬಂತು. ಸೀರೆ ಅಂಗಡಿಯದು, ಗ್ಯಾಸಿನದು, ಹಾಗೆಯೇ ‘ಮುಂದುವರಿಕೆ’ಯದು. ಅವಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಅಕ್ಷರ ಬಾರದು. ಇದೂ ಧಾರಾವಾಹಿ ನೋಡುವ ಯಾವುದೋ ತಾಣ ಅಂದುಕೊಂಡಳು. ಅಳಿಸುವ ಗುಂಡಿ ಯಾವುದೆಂದು ಫೋನಿಗೇ ಅನುವಾದ ಮಾಡಿಸಿ, ಎಲ್ಲಕ್ಕೂ ಗುರುತು ಹಾಕಿ ಒತ್ತಿದಳು. ಫೋನನ್ನೂ ಅಳಿಸಿ ಯಾರಿಗೋ ಕೊಟ್ಟಾಯಿತು. ಮೊನ್ನೆ ಅಮ್ಮನ ಇಮೇಲಿನಲ್ಲಿ ಒಬ್ಬ ಓದುಗಿಯ ಹಳೆಯ ಪತ್ರ ಕಂಡು ಅಪ್ಪನಿಗೆ ತೋರಿಸಿದಾಗ, ಅವನು ಎರಡು ಸಲ ಓದಿ, “ನಿನ್ನ ಅಮ್ಮ ಕತೆ ಬರೀತಿದ್ಲಂತೆ” ಎಂದನಂತೆ. ಆಮೇಲೆ ಕೈ ತೊಳೆಯಲು ಎದ್ದುಹೋದವನು ಬಹಳ ಹೊತ್ತು ಬರಲಿಲ್ಲವಂತೆ. ಆ ಓದುಗಿಯನ್ನು ಕೇಳಿಯೇ ಅವಳು ಕಲಾವತಿಯ ವಿಳಾಸ ಪಡೆದಿದ್ದಳು.

“ನಿಮ್ಮತ್ರ ಕಾಪಿ ಉಂಟಲ್ಲ ಆಂಟಿ?” ಎಂದಳು ವೀಕ್ಷಾ. “ನೀವು ಓದಿ ಹೇಳಿದ್ರೆ ಸಾಕು. ನಾನು ಕೇಳ್ತೇನೆ.”

ಇಲ್ಲವೆಂದು ಕಲಾವತಿಯ ಪರವಾಗಿ ನಾನೇ ಹೇಳಬೇಕಾಯಿತು.

ಮೂರು ವಾರ ಕಲಾವತಿ ಹುಡುಕಿದಳು. ಓದುಗರನ್ನೆಲ್ಲ ಬೇಡಿಕೊಂಡಳು, ಯಾರಾದರೂ ಅಳಿಸದೆ ಉಳಿಸಿಕೊಂಡಿದ್ದರೆ ತಪ್ಪಿಲ್ಲ, ಕೊಡಿ ಎಂದು. ನಮ್ಮ ಜನ ಎಷ್ಟೋ ಕಡೆ ಮಾತು ತಪ್ಪುತ್ತಾರೆ. ಈ ಒಂದು ವಿಷಯದಲ್ಲಿ ನೂರಕ್ಕೆ ನೂರು ಮಾತು ಉಳಿಸಿಕೊಂಡಿದ್ದರು. ‘ನೀವು ಹೇಳಿದ ದಿನವೇ ತೆಗೆದೆ ಅಕ್ಕ’ ಎಂದು ಒಬ್ಬೊಬ್ಬಳೂ ಬರೆದಾಗ, ಒಬ್ಬಳಾದರೂ ಕಳ್ಳಿ ಇರಬಾರದಿತ್ತೇ ಎಂದು ನಾನು ಶಪಿಸಿದೆ.

ಕೊನೆಗೆ ಇ-ರೀಡರನ್ನು ನನ್ನ ಕಂಪ್ಯೂಟರಿಗೆ ಸೇರಿಸಿ ಜಾಲಾಡಿದೆ. ಕತೆಗಳಿರಲಿಲ್ಲ. ಆದರೆ ಒಂದು ಪುಟ್ಟ ಕಡತವಿತ್ತು. ಪುಸ್ತಕ ಅಳಿಸಿದರೂ, ಗೆರೆ ಹಾಕಿದ ಸಾಲುಗಳನ್ನು ಟಿಪ್ಪಣಿ ಸಮೇತ ಆ ಯಂತ್ರ ಬೇರೆ ಕಡೆ ಬರೆದಿಟ್ಟುಕೊಳ್ಳುತ್ತದಂತೆ. ಕಲಾವತಿಗೆ ಅದು ಗೊತ್ತೇ ಇರಲಿಲ್ಲ. ಎಂಬತ್ತಮೂರು ಅಧ್ಯಾಯಗಳಲ್ಲಿ ಉಳಿದದ್ದು ಇನ್ನೂರ ಹದಿನಾಲ್ಕು ತುಣುಕು.

ನಾನು ಕುಣಿದಾಡಿದೆ. ಅವಳು ನೋಡಿ ಮಾನಿಟರ್ ಆರಿಸಿಬಿಟ್ಟಳು.

“ಇವೆಲ್ಲ ತಪ್ಪು ಸಾಲುಗಳು ಕೌಸಲ್ಯಾ. ಚೆನ್ನಾಗಿರೋದಕ್ಕೆ ನಾನು ಗೆರೆ ಹಾಕ್ಲೇ ಇಲ್ಲ. ಆ ಮಗೂಗೆ ಇದನ್ನ ಹೇಗೆ ಕೊಡ್ಲಿ?”

“ಕೊಡೋದು ಬಿಡೋದು ನಿನ್ ಇಷ್ಟ ಅಲ್ಲ. ಅದು ಅವರಮ್ಮಂದು” ಎಂದೆ. ಇಷ್ಟು ವರ್ಷದಲ್ಲಿ ನಾನು ಅವಳಿಗೆ ಹೇಳಿದ ಒಂದೇ ಸರಿಯಾದ ಮಾತು ಅದೇ ಇರಬೇಕು.

ಭಾನುವಾರ ವೀಕ್ಷಾ ಬಂದಳು. ಕಲಾವತಿ ಇ-ರೀಡರಿನಲ್ಲೇ ಆ ಕಡತ ತೆರೆದು, ಕಿಟಕಿಯ ಬಳಿ ಕೂತು ಓದತೊಡಗಿದಳು. ಟಿಪ್ಪಣಿ ಬಿಟ್ಟು ಸಾಲು ಮಾತ್ರ.

‘ಸುಚೇತನಾ ಹಗ್ಗದ ಮೇಲಿನ ಸೀರೆಯನ್ನು ಮೂರು ಸಲ ಜೋರಾಗಿ ಕೊಡವಿ, ಆಮೇಲೆ ಮಡಚಿದಳು.’

ಹುಡುಗಿ ತಲೆಯೆತ್ತಿದಳು. “ಮೂರು ಸಲ ನಾವು ಕೊಡವ್ತೇವೆ ಆಂಟಿ. ನಮ್ಮಲ್ಲಿ ಬಟ್ಟೆ ಮೇಲೆ ಬೂದಿ ಬೀಳ್ತದೆ. ಪ್ಲಾಂಟ್‌ದು.”

ಕಲಾವತಿಯ ಟಿಪ್ಪಣಿ ಏನಿತ್ತೆಂದು ನಾನು ನೋಡಿದ್ದೆ. ‘ಮೂರು ಸಲ ಏಕೆ? ಮೈಸೂರಿನಲ್ಲಿ ಏನು ಬೀಳುತ್ತದೆ? ತೆಗೆಯಿರಿ.’

‘ರುಬ್ಬುವ ಯಂತ್ರ ನಿಂತ ಮೇಲೆ ಅವಳ ಉಸಿರು ಅವಳಿಗೇ ಕೇಳಿಸಿತು. ಇನ್ನು ಒಂದು ಗಂಟೆ ಅವಳದು.’ ಸುಚೇತನಾಳ ಮನೆಯಲ್ಲಿ ರುಬ್ಬುವ ಯಂತ್ರವಿಲ್ಲ, ಒರಳು. ಅದಕ್ಕೇ ಗೆರೆ.

ಹತ್ತು ತುಣುಕು ಓದುವಷ್ಟರಲ್ಲಿ ನಮ್ಮಿಬ್ಬರಿಗೂ ಅರ್ಥವಾಗಿತ್ತು. ಸುಚೇತನಾಳ ಕತೆಯಲ್ಲಿ ಗುಣವತಿ ಎಲ್ಲೆಲ್ಲಿ ತನ್ನ ಮನೆ, ತನ್ನ ಊರು, ತನ್ನ ಮೈನೋವು ಬರೆದುಕೊಂಡಿದ್ದಳೋ, ಹುಡುಕಿ ಹುಡುಕಿ ಅಲ್ಲೆಲ್ಲ ಕಲಾವತಿ ಗೆರೆ ಹಾಕಿದ್ದಳು. ಆ ಸಾಲುಗಳು ಜಾಲತಾಣದಲ್ಲಿ ಎಂದೂ ಪ್ರಕಟವಾಗಿರಲೇ ಇಲ್ಲ. ಮಗಳು ಅಳಿಸುವುದಕ್ಕೆ ಬಹಳ ಮೊದಲೇ ಕಲಾವತಿ ಅವನ್ನು ಗುಣವತಿಯ ಕೈಯಿಂದಲೇ ತೆಗೆಸಿದ್ದಳು.

ಮುಂದಿನ ತುಣುಕಿಗೆ ಬಂದು ಕಲಾವತಿ ಓದು ನಿಲ್ಲಿಸಿದಳು.

“ಓದಿ ಆಂಟಿ.”

‘ಬಾಗಿಲಲ್ಲಿ ಮಗಳು ಶೂ ಕಟ್ಟುತ್ತಿದ್ದಳು. ನಾನು ಬರೆದದ್ದು ಒಂದು ಪುಟ ಓದಿ ಹೇಳಲೇ, ಎಂದು ಸುಚೇತನಾ ಕೇಳಿದಳು. ಅಪ್ಪುರಂ ಅಮ್ಮಾ, ಎಂದು ಮಗಳು ಹೊರಟುಹೋದಳು.’

ಆಮೇಲೆ ಎನ್ನುವುದಕ್ಕೆ ಈ ಊರಿನಲ್ಲಿ ಮಕ್ಕಳೆಲ್ಲ ಹೇಳುವ ಮಾತು ಅದು. ವೀಕ್ಷಾ ತನ್ನ ಕಾಲಿನ ಕಡೆ ನೋಡುತ್ತಾ ಕೂತಳು. ಅವಳಿಗೆ ಆ ದಿನ ನೆನಪಿತ್ತೋ, ಅಂಥ ದಿನಗಳು ಎಷ್ಟೋ ಇದ್ದವೋ, ನಾನು ಕೇಳಲಿಲ್ಲ.

“ಇದಕ್ಕೆ ನೀವು ಎಂತ ಬರೆದದ್ದು?” ಎಂದಳು ವೀಕ್ಷಾ. “ಕೆಳಗೆ ಏನೋ ಉಂಟು. ನೀವು ಬಿಟ್ಟು ಬಿಟ್ಟು ಓದ್ತಿದ್ದೀರಿ. ಅದನ್ನೂ ಓದಿ.”

ಕಲಾವತಿ ನನ್ನ ಕಡೆ ನೋಡಿದಳು. ಓದದಿರಲು ನಾನೊಂದು ನೆಪ ಕೊಡಲಿ ಎಂದಿರಬೇಕು. ನಾನು ಕೊಡಲಿಲ್ಲ.

“ಸುಚೇತನಾಗೆ ಮಗಳಿಲ್ಲ. ತೆಗೆಯಿರಿ” ಎಂದು ಓದಿದಳು.

“ಅಮ್ಮ ಎಂತ ಹೇಳಿದ್ಳು?”

ಕಲಾವತಿ ಇ-ರೀಡರನ್ನು ಮಡಿಲಲ್ಲಿ ಕವುಚಿಹಾಕಿದಳು. ಮೂವತ್ತೊಂದು ವರ್ಷದಲ್ಲಿ ಅವಳು ಅಳುವುದನ್ನು ನಾನು ಧಾರಾವಾಹಿಯ ಮುಂದೆ ಮಾತ್ರ ನೋಡಿದ್ದೆ.

“ಹೌದಲ್ಲ ಅಕ್ಕ, ಅವಳಿಗೆ ಮಗಳೇ ಇಲ್ಲ, ನಾನು ಮರ್ತೇ ಬಿಟ್ಟಿದ್ದೆ, ತೆಗೀತೇನೆ, ಅಂದ್ಳು.”